ವಾರಕ್ಕೊಂದೇ ಇನ್ಸುಲಿನ್: ಹಿಡಿತ ಸಡಿಲವಾದಷ್ಟೂ ಬಾಳಿಕೆ ಹೆಚ್ಚುವುದೇಕೆ?

ಮಧುಮೇಹದ ಔಷಧಗಳ ಬಗ್ಗೆ ಇತ್ತೀಚೆಗೆ ಬಂದ ಸುದ್ದಿಗಳು ಒಂದಕ್ಕೊಂದು ತಾಳೆಯಾಗದಂತೆ ಕಾಣುತ್ತವೆ. ದಿನವೂ ಚುಚ್ಚಿಕೊಳ್ಳುವ ಬದಲು ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕು ಎನ್ನಲಾದ ‘ಐಕೊಡೆಕ್’ ಎಂಬ ಇನ್ಸುಲಿನ್‌ಗೆ 2024ರ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟ ಒಪ್ಪಿಗೆ ನೀಡಿತು. ಅದೇ ತಿಂಗಳು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನೇಮಿಸಿದ್ದ ತಜ್ಞರ ಸಮಿತಿಯ ಮುಂದೆ, ದೇಹ ತಾನೇ ಇನ್ಸುಲಿನ್ ತಯಾರಿಸುವುದು ಬಹುತೇಕ ನಿಂತುಹೋಗಿರುವ ಟೈಪ್ 1 ಮಧುಮೇಹಿಗಳಲ್ಲಿ ಇದರ ಲಾಭ ಅಪಾಯಕ್ಕಿಂತ ಹೆಚ್ಚೇ ಎಂಬ ಪ್ರಶ್ನೆ ಬಂದಾಗ ಏಳು ಮಂದಿ ಅಲ್ಲ ಎಂದರು, ನಾಲ್ವರು ಹೌದು ಎಂದರು. ಜುಲೈನಲ್ಲಿ ಎಫ್‌ಡಿಎ ಅನುಮೋದನೆ ಕೊಡದೆ ಅರ್ಜಿಯನ್ನು ಹಿಂದಿರುಗಿಸಿತು. ಅಕ್ಟೋಬರ್‌ನಲ್ಲಿ ಮತ್ತೊಂದು ಸುದ್ದಿ ಬಂತು: ರಕ್ತದಲ್ಲಿ ಸಕ್ಕರೆ ಏರಿದಾಗ ತಾನೇ ಚುರುಕಾಗಿ, ಇಳಿದಾಗ ತಾನೇ ಮಂದವಾಗುವ ‘ಸ್ಮಾರ್ಟ್ ಇನ್ಸುಲಿನ್’ ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಭರವಸೆ ಮೂಡಿಸಿದೆ ಎಂದು.

ಇವೆರಡರ ನಡುವೆ ಸೆಮಾಗ್ಲುಟೈಡ್ ಬಂದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು. 2026ರ ಮಾರ್ಚ್‌ನಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಅವಧಿ ಮುಗಿದಿದ್ದರಿಂದ ಅದರ ಹೆಸರು ಮನೆಮಾತಾಗಿದೆ. ಅದೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧವೇ ಆದ್ದರಿಂದ ಅದನ್ನೇ ‘ವಾರದ ಇನ್ಸುಲಿನ್’ ಎಂದು ತಿಳಿದವರಿದ್ದಾರೆ. ಸೆಮಾಗ್ಲುಟೈಡ್ ಇನ್ಸುಲಿನ್ ಅಲ್ಲ. ಜೀವಕೋಶದ ಮೇಲೆ ಅದು ಅಂಟಿಕೊಳ್ಳುವ ತಾಣ (ರಿಸೆಪ್ಟರ್) ಬೇರೆ, ಅದರ ಕೆಲಸದ ಬಗೆಯೂ ಬೇರೆ. ಈ ಲೇಖನ ಅದರ ಕುರಿತಾದುದಲ್ಲ.

ಇನ್ಸುಲಿನ್ ಕುರಿತ ಎರಡೂ ಸುದ್ದಿಗಳ ಬೇರು ಒಂದೇ ಕಡೆ ಇದೆ: ಜೀವಕೋಶದ ಹೊರಮೈಯಲ್ಲಿ ನಿಂತು ಇನ್ಸುಲಿನ್ನನ್ನು ಹಿಡಿದುಕೊಳ್ಳುವ ಇನ್ಸುಲಿನ್ ರಿಸೆಪ್ಟರ್. ವಿಜ್ಞಾನದ ಕನ್ನಡದಲ್ಲಿ ಇದನ್ನು ಗ್ರಾಹಿ ಎನ್ನಬಹುದು. ಗ್ರಾಹಿ ಇನ್ಸುಲಿನ್ನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ, ಎಷ್ಟು ಹೊತ್ತು ಹಿಡಿದಿರುತ್ತದೆ, ಹಿಡಿದ ಮೇಲೆ ಅದನ್ನು ಏನು ಮಾಡುತ್ತದೆ ಎಂಬುದನ್ನು ತಿಳಿದರೆ, ವಾರದ ಇನ್ಸುಲಿನ್ ಹೇಗೆ ಸಾಧ್ಯವಾಯಿತು ಎಂಬುದೂ, ಅದು ಕೆಲವರಿಗೆ ವರವಾಗಿ ಇನ್ನು ಕೆಲವರಿಗೆ ಅಪಾಯವಾಗಿ ಏಕೆ ಕಂಡಿತು ಎಂಬುದೂ ಸ್ಪಷ್ಟವಾಗುತ್ತದೆ.

ಪೊರೆಗೆ ನೆಟ್ಟ ಜೋಡಿ

ಇನ್ಸುಲಿನ್ ತಾನೇ ಜೀವಕೋಶದೊಳಗೆ ಹೋಗಿ ಸಕ್ಕರೆಯನ್ನು ಬಳಸುವುದಿಲ್ಲ. 51 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನ್ ಒಂದು ಸಂದೇಶ ಮಾತ್ರ. ಆ ಸಂದೇಶವನ್ನು ಹೊರಗೆ ಪಡೆದು ಒಳಗೆ ತಲುಪಿಸುವ ಕೆಲಸ ಗ್ರಾಹಿಯದು. ವಿಕಿರಣಶೀಲ ಗುರುತು ಹಚ್ಚಿದ ಇನ್ಸುಲಿನ್ ಯಕೃತ್ತಿನ ಕೋಶಪೊರೆಗೆ ನಿರ್ದಿಷ್ಟವಾಗಿ ಅಂಟಿಕೊಳ್ಳುವುದನ್ನು ಅಮೆರಿಕದ ವಿಜ್ಞಾನಿಗಳು 1971ರಲ್ಲಿ ತೋರಿಸಿದಾಗ ಗ್ರಾಹಿಯ ಇರವು ಖಚಿತವಾಯಿತು. ಅದರ ಜೀನ್‌ನ ಬರಹವನ್ನು ಎರಡು ತಂಡಗಳು 1985ರಲ್ಲಿ ಓದಿದವು. ಮನುಷ್ಯರಲ್ಲಿ ಈ ಜೀನ್ 19ನೆಯ ವರ್ಣತಂತುವಿನ ಮೇಲಿದೆ.

ಜೀವಕೋಶ ಮೊದಲು ಒಂದೇ ಉದ್ದನೆಯ ಸರಪಳಿಯನ್ನು ನೇಯುತ್ತದೆ. ಬಳಿಕ ಅದನ್ನು ಒಂದು ಕಿಣ್ವ ಎರಡಾಗಿ ಕತ್ತರಿಸುತ್ತದೆ. ಆಲ್ಫಾ ಎಂಬ ತುಂಡು ಪೂರ್ತಿಯಾಗಿ ಕೋಶದ ಹೊರಗಿರುತ್ತದೆ. ಬೀಟಾ ಎಂಬ ತುಂಡು ಪೊರೆಯನ್ನು ಒಂದೇ ಬಾರಿ ತೂರಿ, ತನ್ನ ಬಾಲವನ್ನು ಕೋಶದ ಒಳಕ್ಕೆ ಇಳಿಬಿಟ್ಟಿರುತ್ತದೆ. ಇಂತಹ ಎರಡು ಆಲ್ಫಾ, ಎರಡು ಬೀಟಾ ಸೇರಿದರೆ ಒಂದು ಗ್ರಾಹಿ. ಇವನ್ನು ಗಂಧಕದ ಪರಮಾಣುಗಳ ನಡುವಿನ ಬಂಧಗಳು ಹೊಲಿಗೆ ಹಾಕಿದಂತೆ ಜೋಡಿಸಿಡುತ್ತವೆ. ಈ ಸಂಗತಿ ಮುಖ್ಯವಾದುದು. ಇದೇ ಬಗೆಯ ಬಹುಪಾಲು ಗ್ರಾಹಿಗಳು ಪೊರೆಯ ಮೇಲೆ ಒಂಟಿಯಾಗಿ ಅಲೆಯುತ್ತಿದ್ದು, ಹಾರ್ಮೋನು ಬಂದಾಗ ಮಾತ್ರ ಜೋಡಿಯಾಗುತ್ತವೆ. ಜೋಡಿಯಾಗುವುದೇ ಅವುಗಳಿಗೆ ಸಂಕೇತ. ಇನ್ಸುಲಿನ್ ಗ್ರಾಹಿ ಹುಟ್ಟಿನಿಂದಲೇ ಜೋಡಿ. ಹಾಗಾದರೆ ಇನ್ಸುಲಿನ್ ಬಂದಾಗ ಇಲ್ಲಿ ಬದಲಾಗುವುದು ಏನು? ಈ ಪ್ರಶ್ನೆಗೆ ಉತ್ತರ ಸಿಗಲು ದಶಕಗಳೇ ಬೇಕಾದವು.

ಗ್ರಾಹಿ ಎಲ್ಲೆಡೆಯೂ ಒಂದೇ ರೂಪದಲ್ಲಿ ಇರುವುದಿಲ್ಲ. ಒಂದೇ ಜೀನ್‌ನಿಂದ, 12 ಅಮೈನೋ ಆಮ್ಲಗಳಷ್ಟು ವ್ಯತ್ಯಾಸವಿರುವ ಎರಡು ರೂಪಗಳು ಹೊರಬರುತ್ತವೆ. ಯಕೃತ್ತಿನಲ್ಲಿ ಉದ್ದನೆಯ ರೂಪ ಮೇಲುಗೈ ಪಡೆದಿದೆ. ಭ್ರೂಣದಲ್ಲಿಯೂ ಹಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿಯೂ ಹೆಚ್ಚಾಗಿ ಕಾಣುವ ಗಿಡ್ಡ ರೂಪ, ಇನ್ಸುಲಿನ್ ಜತೆಗೆ ಅದರ ದಾಯಾದಿಯಾದ ಐಜಿಎಫ್-2 ಎಂಬ ಬೆಳವಣಿಗೆಯ ಹಾರ್ಮೋನನ್ನೂ ಬಿಗಿಯಾಗಿ ಹಿಡಿಯಬಲ್ಲದು. ಇನ್ಸುಲಿನ್ ಗ್ರಾಹಿಯ ಕೆಲಸ ಸಕ್ಕರೆಯ ನಿರ್ವಹಣೆಗೆ ಮುಗಿಯದೆ ಕೋಶಗಳ ಬೆಳವಣಿಗೆಯವರೆಗೂ ಚಾಚಿದೆ ಎಂಬುದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಹೇಳಲಿರುವ ಒಂದು ದುಬಾರಿ ತಪ್ಪಿನ ಮೂಲ ಇದೇ.

ಬೀಗ ಮತ್ತು ಕೀಲಿ ಎಂಬ ಹೋಲಿಕೆ ಸಾಲದು

ಇನ್ಸುಲಿನ್ ಕೀಲಿ, ಗ್ರಾಹಿ ಬೀಗ ಎಂಬ ಹೋಲಿಕೆಯನ್ನು ಶಾಲೆಯ ಪುಸ್ತಕದಿಂದ ಆಸ್ಪತ್ರೆಯ ಗೋಡೆಯವರೆಗೆ ಎಲ್ಲೆಡೆ ಬಳಸುತ್ತೇವೆ. ಆರಂಭಕ್ಕೆ ಅದು ನೆರವಾಗುತ್ತದೆ ನಿಜ, ಆದರೆ ಇಂದಿನ ಸುದ್ದಿಯನ್ನು ಅರ್ಥಮಾಡಿಕೊಳ್ಳಲು ಅದೇ ಅಡ್ಡಿಯಾಗುತ್ತದೆ. ಕೀಲಿ ತನ್ನ ಆಕಾರವನ್ನು ಬದಲಿಸುವುದಿಲ್ಲ, ಬೀಗ ಕೀಲಿಯನ್ನು ನುಂಗುವುದಿಲ್ಲ. ಇಲ್ಲಿ ಎರಡೂ ನಡೆಯುತ್ತವೆ.

ಇನ್ಸುಲಿನ್ ಅಣುವಿನ ಮೂರು ಆಯಾಮದ ಆಕಾರವನ್ನು ಡೊರೊತಿ ಹಾಡ್ಜ್‌ಕಿನ್ ಅವರ ಆಕ್ಸ್‌ಫರ್ಡ್ ತಂಡ 1969ರಲ್ಲಿ ಬಿಡಿಸಿತು. ಆ ತಂಡದಲ್ಲಿದ್ದ ಎಂ. ವಿಜಯನ್ ಅವರು ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಪ್ರೋಟೀನ್‌ಗಳ ಸ್ಫಟಿಕ ಅಧ್ಯಯನಕ್ಕೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದರು. ಆದರೆ ಅಂದು ಕಂಡದ್ದು, ಆರು ಅಣುಗಳು ಸತುವಿನ ಸುತ್ತ ಒತ್ತಾಗಿ ಕುಳಿತ, ಮೇದೋಜೀರಕ ಗ್ರಂಥಿಯಲ್ಲಿ ದಾಸ್ತಾನಾಗಿರುವ ರೂಪದ ಇನ್ಸುಲಿನ್. ಅದು ಗ್ರಾಹಿಯ ಮೇಲೆ ಕುಳಿತಾಗ ಹೇಗಿರುತ್ತದೆ ಎಂಬುದು ತಿಳಿಯಲು ಮತ್ತೆ 44 ವರ್ಷ ಬೇಕಾಯಿತು. 2013ರಲ್ಲಿ ಮೆಲ್ಬರ್ನ್‌ನ ವಾಲ್ಟರ್ ಆ್ಯಂಡ್ ಎಲಿಜಾ ಹಾಲ್ ಸಂಸ್ಥೆಯ ಮೈಕ್ ಲಾರೆನ್ಸ್ ಮತ್ತು ಸಂಗಡಿಗರು ಆ ಚಿತ್ರವನ್ನು ಕೊಟ್ಟರು. ಇನ್ಸುಲಿನ್‌ನ ಎರಡು ಸರಪಳಿಗಳಲ್ಲಿ ಒಂದಾದ ಬಿ ಸರಪಳಿಯ ಬಾಲ, ಮಡಚಿದ ಬೆರಳು ಬಿಚ್ಚಿಕೊಂಡಂತೆ, ಅಣುವಿನ ಮೈಯಿಂದ ಆಚೆ ತೆರೆದುಕೊಳ್ಳುತ್ತದೆ. ಆ ತೆರವಿನಲ್ಲಿ ಗ್ರಾಹಿಯ ಒಂದು ಸುರುಳಿ ಬಂದು ಕೂರುತ್ತದೆ. ಹೀಗೆ ಇನ್ಸುಲಿನ್ ತಾನೂ ಬಾಗುತ್ತದೆ, ಗ್ರಾಹಿಯನ್ನೂ ಬಾಗಿಸುತ್ತದೆ.

ಗ್ರಾಹಿಯ ಹೊರಭಾಗದ ಆಕಾರವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2006ರಲ್ಲಿಯೇ ಕಂಡಿದ್ದರು. ಇನ್ಸುಲಿನ್ ಇಲ್ಲದಾಗ ಅದು ಕಾಲು ಅಗಲಿಸಿ ನಿಲ್ಲಿಸಿದ ಜೋಡಿ ಏಣಿಯಂತಿರುತ್ತದೆ. ಮೇಲೆ ತುದಿ ಕೂಡಿದೆ, ಕೆಳಗೆ ಪೊರೆಯ ಬಳಿ ಎರಡು ಕಾಲುಗಳು ದೂರದೂರ. ಅತಿ ಶೀತಲ ಸ್ಥಿತಿಯಲ್ಲಿ ಅಣುಗಳ ಚಿತ್ರ ತೆಗೆಯುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತಂತ್ರ ಬಲಿತ ಮೇಲೆ, 2018ರಿಂದ ಮುಂದಿನ ನಾಲ್ಕೈದು ವರ್ಷಗಳಲ್ಲಿ ಉಳಿದ ಕಥೆ ಹೊರಬಿತ್ತು. ಇನ್ಸುಲಿನ್ ಕೂತೊಡನೆ ಗ್ರಾಹಿಯ ಮೇಲ್ಭಾಗ ಎರಡು ಬದಿಗೆ ಹರಡಿ, ಕಾಲುಗಳು ಒಂದರ ಹತ್ತಿರ ಒಂದು ಬಂದು, ಇಡೀ ರಚನೆ ಇಂಗ್ಲಿಷಿನ ‘ಟಿ’ ಅಕ್ಷರದಂತಾಗುತ್ತದೆ. ಹಿಂದೆ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಬದಲಾಗುವುದು ಕಾಲುಗಳ ನಡುವಿನ ದೂರ.

ಎಷ್ಟು ಇನ್ಸುಲಿನ್ ಅಣುಗಳು ಕೂರಬೇಕು ಎಂಬುದರಲ್ಲಿ ಮಾತ್ರ ಚರ್ಚೆ ಮುಗಿದಿಲ್ಲ. ಒಂದು ಗ್ರಾಹಿಯ ಮೇಲೆ ಎರಡು ಬಗೆಯ, ಒಟ್ಟು ನಾಲ್ಕು ತಾಣಗಳಿವೆ. ಎರಡು ತಾಣಗಳು ಬಿಗಿಯಾಗಿ ಹಿಡಿಯುತ್ತವೆ, ಇನ್ನೆರಡು ಸಡಿಲ. ಪ್ರಯೋಗಾಲಯದಲ್ಲಿ ಇನ್ಸುಲಿನ್ ಧಾರಾಳವಾಗಿ ಸುರಿದಾಗ ನಾಲ್ಕೂ ತುಂಬಿ ಸಮರೂಪದ ‘ಟಿ’ ಕಾಣುತ್ತದೆ. ನಮ್ಮ ರಕ್ತದಲ್ಲಿ ಇನ್ಸುಲಿನ್ ಅಷ್ಟು ಧಾರಾಳವಾಗಿ ಇರುವುದೇ ಇಲ್ಲ. ಹಾಗಾಗಿ ದೇಹದಲ್ಲಿ ಒಂದೆರಡು ತಾಣಗಳಷ್ಟೇ ತುಂಬಿದ, ಒಂದು ಬದಿಗೆ ವಾಲಿದ ರೂಪವೇ ನಿಜವಾದ ಕೆಲಸಗಾರ ಎಂದು ಒಂದು ಪಕ್ಷ ವಾದಿಸುತ್ತದೆ. ಪೂರ್ಣ ಚಾಲನೆಗೆ ಎರಡೂ ಬಗೆಯ ತಾಣಗಳ ಸಹಕಾರ ಬೇಕೆನ್ನುತ್ತದೆ ಇನ್ನೊಂದು ಪಕ್ಷ. ಇದು ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ಯಾವ ತಾಣವನ್ನು ಎಷ್ಟು ಹೊತ್ತು ಒತ್ತಿದರೆ ಒಳಗೆ ಯಾವ ಕೆಲಸ ನಡೆಯುತ್ತದೆ ಎಂಬುದರ ಮೇಲೆಯೇ ಮುಂದಿನ ತಲೆಮಾರಿನ ಇನ್ಸುಲಿನ್‌ಗಳ ವಿನ್ಯಾಸ ನಿಂತಿದೆ.

ಒಳಗೆ ಸಾಗುವ ಸಂದೇಶ

ಬೀಟಾ ತುಂಡಿನ ಒಳಬಾಲ ಒಂದು ಕಿಣ್ವ. ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ತಗುಲಿಸುವುದು ಅದರ ಕಸುಬು. ಇನ್ಸುಲಿನ್ ಬಂದಾಗ ಗ್ರಾಹಿಗೆ ಹೀಗೆ ಫಾಸ್ಫೇಟ್ ಅಂಟುತ್ತದೆ ಎಂಬುದನ್ನು ಬಾಸ್ಟನ್ನಿನ ರೊನಾಲ್ಡ್ ಕಾನ್ ಅವರ ತಂಡ 1982ರಲ್ಲಿ ಕಂಡಿತ್ತು. ಬಿಡುವಿನಲ್ಲಿರುವ ಕಿಣ್ವದ ಬಾಯಿಗೆ ಅದರದೇ ಒಂದು ಕುಣಿಕೆ ಅಡ್ಡವಾಗಿರುತ್ತದೆ. ಕಾಲುಗಳು ಹತ್ತಿರ ಬಂದಾಗ ಒಂದು ಬೀಟಾ ಇನ್ನೊಂದರ ಕುಣಿಕೆಯ ಮೇಲಿರುವ ಮೂರು ಟೈರೋಸಿನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಕುಣಿಕೆ ಸರಿಯುತ್ತದೆ, ಬಾಯಿ ತೆರೆಯುತ್ತದೆ. ಅಲ್ಲಿಂದ ಸಂದೇಶ ಕೈಯಿಂದ ಕೈಗೆ ದಾಟುತ್ತ, ಎಕೆಟಿ ಎಂಬ ಕಿಣ್ವವನ್ನು ತಲುಪುತ್ತದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಎಕೆಟಿ ಚುರುಕಾದಾಗ, ಒಳಗೆ ಚೀಲಗಳಲ್ಲಿ ಅಡಗಿದ್ದ ಗ್ಲುಟ್-4 ಎಂಬ ಸಕ್ಕರೆಯ ಬಾಗಿಲುಗಳು ಪೊರೆಗೆ ಬಂದು ಕೂಡುತ್ತವೆ. ಸಕ್ಕರೆ ಒಳಗೆ ಹರಿಯುತ್ತದೆ. ಯಕೃತ್ತಿನಲ್ಲಿ ಈ ಬಾಗಿಲಿನ ಪಾತ್ರವಿಲ್ಲ. ಅಲ್ಲಿ ಅದೇ ಸಂದೇಶ ಹೊಸ ಸಕ್ಕರೆಯ ತಯಾರಿಕೆಯನ್ನು ತಡೆಯುತ್ತದೆ, ಕೊಬ್ಬಿನ ತಯಾರಿಕೆಗೆ ಒತ್ತು ಕೊಡುತ್ತದೆ.

ಈ ದಾರಿ ಎಷ್ಟು ಮುಖ್ಯ ಎಂಬುದನ್ನು ಕ್ಯಾನ್ಸರ್ ಚಿಕಿತ್ಸೆಯ ಒಂದು ಔಷಧ ತೋರಿಸಿಕೊಟ್ಟಿದೆ. ಸ್ತನ ಕ್ಯಾನ್ಸರ್‌ಗೆ ಬಳಸುವ ಆಲ್ಪೆಲಿಸಿಬ್, ಗ್ರಾಹಿಗೂ ಎಕೆಟಿಗೂ ನಡುವಿನ ಒಂದು ಕಿಣ್ವವನ್ನು ತಡೆಯುತ್ತದೆ. ಇನ್ಸುಲಿನ್ ಇದೆ, ಗ್ರಾಹಿಯೂ ಇದೆ. ಆದರೂ ರೋಗಿಯ ರಕ್ತದಲ್ಲಿ ಸಕ್ಕರೆ ಏರುವುದು ಈ ಔಷಧದ ಸಾಮಾನ್ಯ ಅಡ್ಡಪರಿಣಾಮ.

ಹಿಡಿಯುವ ಕೈಯೇ ನುಂಗುವ ಬಾಯಿ

ಈಗ ವಾರದ ಇನ್ಸುಲಿನ್‌ನ ಗುಟ್ಟಿಗೆ ಬರೋಣ. ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್‌ನಲ್ಲಿ ಸುಮಾರು ಅರ್ಧ, ಯಕೃತ್ತನ್ನು ಮೊದಲ ಬಾರಿ ಹಾಯುವಾಗಲೇ ಕಳೆದುಹೋಗುತ್ತದೆ. ಉಳಿದದ್ದರ ಅರ್ಧಾಯುಷ್ಯ, ಎಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ರಕ್ತದಲ್ಲಿ ನಾಲ್ಕರಿಂದ ಆರು ನಿಮಿಷ. ಇಷ್ಟು ಬೇಗ ಅದನ್ನು ತೆಗೆದುಹಾಕುವವರು ಯಾರು? ಮೂತ್ರಪಿಂಡ ಒಂದು ಪಾಲನ್ನು ತೆಗೆಯುತ್ತದೆ. ಆದರೆ ಬಹುಪಾಲನ್ನು ತೆಗೆಯುವುದು ಗ್ರಾಹಿಯೇ. ಇನ್ಸುಲಿನ್ನನ್ನು ಹಿಡಿದ ಗ್ರಾಹಿ ಪೊರೆಯ ಸಮೇತ ಒಳಕ್ಕೆ ಮಡಚಿಕೊಂಡು ಚೀಲದಂತಾಗುತ್ತದೆ, ಚೀಲದೊಳಗೆ ಇನ್ಸುಲಿನ್ ಚೂರಾಗುತ್ತದೆ, ಗ್ರಾಹಿ ಮತ್ತೆ ಹೊರಮೈಗೆ ಮರಳುತ್ತದೆ. ಸಂದೇಶವನ್ನು ಪಡೆಯುವುದೂ ಸಂದೇಶವಾಹಕನನ್ನು ಮುಗಿಸುವುದೂ ಒಂದೇ ಅಣು.

ದೇಹಕ್ಕೆ ಇದು ಒಳ್ಳೆಯ ಏರ್ಪಾಡು. ಊಟ ಮುಗಿದು ಸಕ್ಕರೆ ಇಳಿದಾಗ ಇನ್ಸುಲಿನ್ ಬೇಗ ಮರೆಯಾಗಬೇಕು, ಇಲ್ಲದಿದ್ದರೆ ಸಕ್ಕರೆ ಇಳಿಯುತ್ತಲೇ ಹೋಗುತ್ತದೆ. ಆದರೆ ದೀರ್ಘಕಾಲ ಬಾಳುವ ಇನ್ಸುಲಿನ್ ಮಾಡಹೊರಟವರಿಗೆ ಇದೇ ತೊಡಕು. ಹಳೆಯ ಉಪಾಯಗಳು ಚರ್ಮದ ಕೆಳಗೆ ಇನ್ಸುಲಿನ್ನನ್ನು ಗರಣೆ ಕಟ್ಟಿಸಿ ನಿಧಾನವಾಗಿ ಕರಗಿಸುತ್ತಿದ್ದವು. ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಕೆಲಸ ಮಾಡುವುದು ಹೀಗೆಯೇ. ಆ ಉಪಾಯದಿಂದ ಒಂದು ದಿನ ಸಿಗುತ್ತದೆ, ಒಂದು ವಾರ ಸಿಗುವುದಿಲ್ಲ.

ಐಕೊಡೆಕ್ ತಯಾರಿಸಿದ ನೋವೊ ನಾರ್ಡಿಸ್ಕ್ ಕಂಪನಿಯ ವಿಜ್ಞಾನಿಗಳು ಎರಡು ಕೆಲಸ ಮಾಡಿದರು. ಮೊದಲನೆಯದಾಗಿ, ಅಣುವಿಗೆ 20 ಇಂಗಾಲದ ಉದ್ದನೆಯ ಕೊಬ್ಬಿನಾಮ್ಲದ ಬಾಲವನ್ನು ಕಟ್ಟಿದರು. ಇದು ರಕ್ತದಲ್ಲಿ ಹೇರಳವಾಗಿರುವ ಆಲ್ಬುಮಿನ್ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಎರಡನೆಯದಾಗಿ, ಮೂರು ಅಮೈನೋ ಆಮ್ಲಗಳನ್ನು ಬದಲಿಸಿದರು. ಇದರಿಂದ ಅಣು ಕಿಣ್ವಗಳ ದಾಳಿಗೆ ಸುಲಭವಾಗಿ ಬಗ್ಗದಂತಾಯಿತು, ಜತೆಗೆ ಗ್ರಾಹಿಯ ಮೇಲಿನ ಅದರ ಹಿಡಿತ ಬೇಕೆಂದೇ ಬಹಳ ಸಡಿಲವಾಯಿತು. ಪರಿಣಾಮವಾಗಿ, ಚುಚ್ಚಿದ ಇನ್ಸುಲಿನ್‌ನ ಹೆಚ್ಚಿನ ಪಾಲು ಆಲ್ಬುಮಿನ್ ಎಂಬ ಕಣಜದಲ್ಲಿ ಕೆಲಸವಿಲ್ಲದೆ ಕೂತಿರುತ್ತದೆ. ಯಾವ ಹೊತ್ತಿನಲ್ಲಾದರೂ ಸ್ವಲ್ಪವೇ ಸ್ವಲ್ಪ ಬಿಡುಗಡೆಯಾಗಿ ಗ್ರಾಹಿಯನ್ನು ತಟ್ಟುತ್ತದೆ. ಹಿಡಿತ ಸಡಿಲವಾದ್ದರಿಂದ ನುಂಗಿಹೋಗುವುದೂ ನಿಧಾನ. ಅರ್ಧಾಯುಷ್ಯ ನಿಮಿಷಗಳಿಂದ ಸುಮಾರು 196 ಗಂಟೆಗೆ, ಎಂದರೆ ಎಂಟು ದಿನಕ್ಕೆ, ಏರಿತು. ಎಲಿ ಲಿಲ್ಲಿ ಕಂಪನಿಯ ಎಫ್ಸಿಟೋರಾ ಎಂಬ ಇನ್ನೊಂದು ವಾರದ ಇನ್ಸುಲಿನ್ ಕಣಜವಾಗಿ ಬಳಸಿಕೊಳ್ಳುವುದು ಆಲ್ಬುಮಿನ್ ಬದಲು ಪ್ರತಿಕಾಯದ ಒಂದು ತುಂಡನ್ನು. ಗ್ರಾಹಿಯ ಮೇಲಿನ ಹಿಡಿತ ತಗ್ಗಿಸುವ ತತ್ವ ಅಲ್ಲಿಯೂ ಇದೆ.

ಹಾಗಾದರೆ ದುರ್ಬಲ ಇನ್ಸುಲಿನ್ ಸಕ್ಕರೆಯನ್ನು ಹೇಗೆ ಇಳಿಸುತ್ತದೆ? ಒಂದು ಅಣು ಗ್ರಾಹಿಯನ್ನು ತಟ್ಟುವ ಸಾಧ್ಯತೆ ಕಡಿಮೆ, ಆದರೆ ತಟ್ಟಲು ಕಾದಿರುವ ಅಣುಗಳು ಬಹಳ. ಅಲ್ಲದೆ ಕೋಶದ ಮೇಲೆ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಗ್ರಾಹಿಗಳಿರುತ್ತವೆ. ಕೊಬ್ಬಿನ ಕೋಶದಲ್ಲಿ ಅವುಗಳಲ್ಲಿ ಸಣ್ಣ ಪಾಲು ತುಂಬಿದರೂ ಪೂರ್ಣ ಪರಿಣಾಮ ಸಿಗುತ್ತದೆ.

ಬಿಗಿ ಹಿಡಿತ ಕಲಿಸಿದ ಪಾಠ

ಹಿಡಿತ ಬಿಗಿಯಾದಷ್ಟೂ ಔಷಧ ಉತ್ತಮ ಎಂದು ಒಂದು ಕಾಲದಲ್ಲಿ ಅನಿಸಿದ್ದು ಸಹಜ. ಇನ್ಸುಲಿನ್‌ನ ಬಿ ಸರಪಳಿಯ 10ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿ ಮಾಡಿದ ‘ಎಕ್ಸ್10’ ಎಂಬ ಇನ್ಸುಲಿನ್ ಚರ್ಮದಡಿಯಿಂದ ಬೇಗ ಹರಡುತ್ತಿತ್ತು, ಗ್ರಾಹಿಯನ್ನು ಸಹಜ ಇನ್ಸುಲಿನ್‌ಗಿಂತ ಬಿಗಿಯಾಗಿ ಹಿಡಿಯುತ್ತಿತ್ತು, ಹಿಡಿದದ್ದನ್ನು ಬಿಡಲು ತಡಮಾಡುತ್ತಿತ್ತು. ಹೆಣ್ಣು ಇಲಿಗಳಿಗೆ ದೀರ್ಘಕಾಲ ಕೊಟ್ಟಾಗ ಸ್ತನಗ್ರಂಥಿಯ ಗೆಡ್ಡೆಗಳು ಹೆಚ್ಚಿದ್ದು ಕಂಡು ಅದರ ಅಭಿವೃದ್ಧಿಯನ್ನೇ ನಿಲ್ಲಿಸಲಾಯಿತು. ಹಿಡಿತದ ಕಾಲ ಹಿಗ್ಗಿದಾಗ ಸಂದೇಶ ಸಕ್ಕರೆಯ ದಾರಿಯಲ್ಲಿ ಮುಗಿಯದೆ ಬೆಳವಣಿಗೆಯ ದಾರಿಯನ್ನೂ ಹಿಡಿಯುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಐಜಿಎಫ್ ಗ್ರಾಹಿಗೆ ಅದು ಹೆಚ್ಚಾಗಿ ಅಂಟುತ್ತಿತ್ತು ಎಂಬುದು ಇನ್ನೊಂದು.

ಈ ನೆನಪೇ 2009ರಲ್ಲಿ ಗ್ಲಾರ್ಜಿನ್ ಬಗ್ಗೆ ಕ್ಯಾನ್ಸರ್ ಭೀತಿ ಹಬ್ಬಲು ಹಿನ್ನೆಲೆಯಾಯಿತು. 12,500ಕ್ಕೂ ಹೆಚ್ಚು ಮಂದಿಯನ್ನು ಆರು ವರ್ಷಗಳಷ್ಟು ಕಾಲ ಗಮನಿಸಿದ ‘ಒರಿಜಿನ್’ ಅಧ್ಯಯನದ ಫಲಿತಾಂಶ 2012ರಲ್ಲಿ ಹೊರಬಂದು, ಕ್ಯಾನ್ಸರ್ ಹೆಚ್ಚಿಲ್ಲ ಎಂದು ತೋರಿಸಿದ ಮೇಲೆ ಆ ಭೀತಿ ಅಡಗಿತು. ಹೊಸ ಇನ್ಸುಲಿನ್ ಬಂದಾಗಲೆಲ್ಲ ನಿಯಂತ್ರಕರು ಗ್ರಾಹಿಯ ಮೇಲಿನ ಹಿಡಿತವನ್ನು ಅಳೆದು ತೂಗಿ ನೋಡುವುದು ಈ ಇತಿಹಾಸದಿಂದಾಗಿ. ವಾರದ ಇನ್ಸುಲಿನ್ ಈ ಒಂದು ವಿಷಯದಲ್ಲಿ ಸುರಕ್ಷಿತ ಬದಿಯಲ್ಲಿದೆ. ಅದರ ಮೇಲಿನ ಆಕ್ಷೇಪ ಬೇರೆಯದು.

ಯುರೋಪು ಒಪ್ಪಿದ್ದೇಕೆ, ಅಮೆರಿಕ ಒಪ್ಪದಿದ್ದುದೇಕೆ

ಪರವಾದ ವಾದ ಹೀಗಿದೆ. ಟೈಪ್ 2 ಮಧುಮೇಹಿಗಳಲ್ಲಿ ಇನ್ಸುಲಿನ್ ಬೇಕಾದವರೂ ಸೂಜಿಯ ಅಂಜಿಕೆಯಿಂದ ವರ್ಷಗಟ್ಟಲೆ ಮುಂದೂಡುತ್ತಾರೆ, ಆರಂಭಿಸಿದವರೂ ನಡುನಡುವೆ ಬಿಡುತ್ತಾರೆ. ವರ್ಷಕ್ಕೆ 365 ಚುಚ್ಚುಗಳು 52ಕ್ಕೆ ಇಳಿದರೆ ಚಿಕಿತ್ಸೆ ಹಿಡಿಯುವವರು ಹೆಚ್ಚುತ್ತಾರೆ. ಹಿಂದೆ ಇನ್ಸುಲಿನ್ ಬಳಸದ ಟೈಪ್ 2 ರೋಗಿಗಳ ಮೇಲೆ ನಡೆದ ‘ಆನ್‌ವರ್ಡ್ಸ್ 1’ ಪ್ರಯೋಗದಲ್ಲಿ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ವಾರದ ಇನ್ಸುಲಿನ್ ಪಡೆದವರಲ್ಲಿ ಶೇ 8.50ರಿಂದ 6.93ಕ್ಕೆ ಇಳಿದರೆ, ದಿನದ ಗ್ಲಾರ್ಜಿನ್ ಪಡೆದವರಲ್ಲಿ ಶೇ 8.44ರಿಂದ 7.12ಕ್ಕೆ ಇಳಿಯಿತು.

ವಿರೋಧದ ವಾದದ ಬುಡದಲ್ಲಿಯೂ ಗ್ರಾಹಿಯ ಲೆಕ್ಕವೇ ಇದೆ. ನುಂಗಿಹೋಗದ ಇನ್ಸುಲಿನ್ ಹಿಂತೆಗೆದುಕೊಳ್ಳಲಾಗದ ಇನ್ಸುಲಿನ್ ಕೂಡ ಹೌದು. ಒಮ್ಮೆ ಚುಚ್ಚಿದರೆ ಆ ವಾರವಿಡೀ ಅದು ಕೆಲಸ ಮಾಡಿಯೇ ತೀರುತ್ತದೆ. ಟೈಪ್ 2ರಲ್ಲಿ ದೇಹದ ಸ್ವಂತ ಇನ್ಸುಲಿನ್ ಇನ್ನೂ ಸ್ವಲ್ಪ ಉಳಿದಿರುತ್ತದೆ. ಹೊರಗಿನದು ಹೆಚ್ಚಾದರೆ ಒಳಗಿನದು ತಗ್ಗಿ ಸರಿದೂಗಿಸುತ್ತದೆ. ಜತೆಗೆ ಇನ್ಸುಲಿನ್ ಪ್ರತಿರೋಧ, ಎಂದರೆ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದ ಸ್ಥಿತಿ, ಇರುವುದರಿಂದ ಸ್ವಲ್ಪ ಏರುಪೇರಾದರೂ ಸಕ್ಕರೆ ದಿಢೀರನೆ ಕುಸಿಯುವುದಿಲ್ಲ. ಟೈಪ್ 1ರಲ್ಲಿ ಈ ಎರಡು ಆಸರೆಗಳೂ ಇಲ್ಲ. ಒಳಗಿನ ಇನ್ಸುಲಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಗ್ರಾಹಿಯ ದಾರಿ ಮಾತ್ರ ಚುರುಕಾಗಿಯೇ ಇದೆ. ಅವರ ಮೇಲೆ ನಡೆದ ‘ಆನ್‌ವರ್ಡ್ಸ್ 6’ ಪ್ರಯೋಗದಲ್ಲಿ ಎಚ್‌ಬಿಎ1ಸಿ ಇಳಿಕೆ ದಿನದ ಇನ್ಸುಲಿನ್‌ಗೆ ಸರಿಸಮನಾಗಿತ್ತು. ಆದರೆ ಮೊದಲ 26 ವಾರಗಳಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದ ಪ್ರಸಂಗಗಳು ಒಬ್ಬ ರೋಗಿಗೆ ವರ್ಷಕ್ಕೆ 19.9ರ ಲೆಕ್ಕದಲ್ಲಿ ಕಂಡವು. ದಿನದ ಇನ್ಸುಲಿನ್ ಡೆಗ್ಲುಡೆಕ್ ಪಡೆದವರಲ್ಲಿ 10.4. ಚುಚ್ಚಿದ ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಪರಿಣಾಮ ತುದಿಗೇರುವುದರಿಂದ ಕುಸಿತಗಳು ಆ ದಿನಗಳಲ್ಲಿ ಹೆಚ್ಚಾಗಿದ್ದವು.

ಎರಡೂ ನಿಯಂತ್ರಕರ ಮುಂದೆ ಇದ್ದ ಅಂಕಿಗಳು ಇವೇ. ಟೈಪ್ 1 ರೋಗಿಗಳಿಗೆ ವಾರಕ್ಕೊಮ್ಮೆ ಚುಚ್ಚುವುದರಿಂದ ಸ್ಪಷ್ಟ ಲಾಭವಿದ್ದರೆ ಮಾತ್ರ ಕೊಡಿ ಎಂಬ ಎಚ್ಚರಿಕೆಯೊಂದಿಗೆ ಯುರೋಪು ಬಾಗಿಲು ತೆರೆಯಿತು. ಅಮೆರಿಕ ಟೈಪ್ 1 ಬಳಕೆಯ ಜತೆಗೆ ತಯಾರಿಕೆಯ ಪ್ರಕ್ರಿಯೆಯ ಬಗ್ಗೆಯೂ ಹೆಚ್ಚಿನ ಮಾಹಿತಿ ಕೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ಟೈಪ್ 2ಕ್ಕೆ ಮಾತ್ರ ಸೀಮಿತವಾದ ಅರ್ಜಿಯನ್ನು ಮತ್ತೆ ಸಲ್ಲಿಸಿತು. ಅಮೆರಿಕದ ತಜ್ಞರ ಸಮಿತಿಯ ಹಿಂಜರಿಕೆ ಅತಿಯಾದುದಲ್ಲ ಎಂದೇ ಈ ಅಂಕಿಗಳನ್ನು ನೋಡಿದರೆ ಅನಿಸುತ್ತದೆ. ಸಕ್ಕರೆ ಏರಿದ್ದರ ಹಾನಿ ವರ್ಷಗಳಲ್ಲಿ ಕಾಣುತ್ತದೆ, ಕುಸಿದದ್ದರ ಹಾನಿ ನಿಮಿಷಗಳಲ್ಲಿ.

ಪ್ರತಿರೋಧಕ್ಕೆ ಇದು ಮದ್ದೇ?

ವಾರದ ಇನ್ಸುಲಿನ್ ಬಂದರೆ ಇನ್ಸುಲಿನ್ ಪ್ರತಿರೋಧ ನೀಗುತ್ತದೆ ಎಂಬ ನಿರೀಕ್ಷೆ ಸಲ್ಲದು. ಟೈಪ್ 2 ಮಧುಮೇಹದ ಆರಂಭದಲ್ಲಿ ಅನೇಕರ ರಕ್ತದಲ್ಲಿ ಇನ್ಸುಲಿನ್ ಹೆಚ್ಚೇ ಇರುತ್ತದೆ, ಆದರೂ ಸಕ್ಕರೆ ಇಳಿಯುವುದಿಲ್ಲ. ಗ್ರಾಹಿ ಕೆಟ್ಟಿದೆ ಎಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ನಿಜಸ್ಥಿತಿ ಅಷ್ಟು ಸರಳವಲ್ಲ.

ಗ್ರಾಹಿಯ ಜೀನ್‌ನಲ್ಲಿಯೇ ದೋಷವಿರುವ ಮಕ್ಕಳು ಹುಟ್ಟುತ್ತಾರೆ, ಬಹಳ ಅಪರೂಪವಾಗಿ. ಅತಿ ತೀವ್ರ ರೂಪವಾದ ಡೊನೊಹ್ಯೂ ಸಿಂಡ್ರೋಮ್‌ನಲ್ಲಿ ಮಗು ಗರ್ಭದಲ್ಲಿಯೇ ಸರಿಯಾಗಿ ಬೆಳೆಯುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷ ದಾಟುವುದಿಲ್ಲ. ಇದಕ್ಕಿಂತ ಸೌಮ್ಯ ದೋಷವಿದ್ದು ಬದುಕಿ ಬೆಳೆದವರಲ್ಲಿ ಒಂದು ವಿಚಿತ್ರ ಸಂಗತಿ ಕಂಡುಬಂದಿದೆ. ಅವರಲ್ಲಿ ಇನ್ಸುಲಿನ್ ಪ್ರತಿರೋಧ ವಿಪರೀತ, ಆದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವುದಿಲ್ಲ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುವುದಿಲ್ಲ. ನಮ್ಮ ಸುತ್ತ ಕಾಣುವ ಸಾಮಾನ್ಯ ಟೈಪ್ 2 ರೋಗಿಯಲ್ಲಿ ಇವೆರಡೂ ಸಾಮಾನ್ಯ. ಗ್ರಾಹಿಯೇ ಪೂರ್ತಿ ಕೆಟ್ಟಿದ್ದರೆ ಸಕ್ಕರೆಗೆ ಹೋಗುವ ಸಂದೇಶವೂ ಕೊಬ್ಬಿಗೆ ಹೋಗುವ ಸಂದೇಶವೂ ಒಟ್ಟಿಗೆ ನಿಲ್ಲಬೇಕಿತ್ತು. ಸಾಮಾನ್ಯ ಮಧುಮೇಹಿಯ ಯಕೃತ್ತಿನಲ್ಲಿ ‘ಸಕ್ಕರೆ ಮಾಡಬೇಡ’ ಎಂಬ ಸಂದೇಶ ಮಾತ್ರ ಮಂಕಾಗಿದೆ, ‘ಕೊಬ್ಬು ಮಾಡು’ ಎಂಬುದು ನಡೆದೇ ಇದೆ. ಆದ್ದರಿಂದ ಅಡಚಣೆಯ ಒಂದು ಪಾಲಾದರೂ ಗ್ರಾಹಿಯಿಂದ ಕೆಳಗೆ, ದಾರಿಗಳು ಕವಲೊಡೆದ ಮೇಲೆ ಇರಬೇಕೆಂದು ಅನೇಕ ಸಂಶೋಧಕರು ಭಾವಿಸುತ್ತಾರೆ.

ಅಡಚಣೆಯ ಕಾರಣದ ಬಗ್ಗೆ ಮತಭೇದ ಜೋರಾಗಿಯೇ ಇದೆ. ಕೋಶದೊಳಗೆ ಸೇರಿದ ಕೊಬ್ಬಿನ ಒಂದು ರೂಪ ಗ್ರಾಹಿಯ ಕಿಣ್ವವನ್ನೇ ತಡೆಯುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ಅವರ ತಂಡ ಬಲವಾಗಿ ವಾದಿಸುತ್ತದೆ. ಕೊಬ್ಬಿನ ಅಂಗಾಂಶದಲ್ಲಿ ಹೊತ್ತಿಕೊಂಡ ಉರಿಯೂತದ ಅಣುಗಳು ಗ್ರಾಹಿಯ ಮುಂದಿನ ಹೆಜ್ಜೆಯನ್ನು ಕೆಡಿಸುತ್ತವೆ ಎಂಬುದು ಎರಡನೆಯ ಮತ. ಅತಿಯಾದ ಇನ್ಸುಲಿನ್‌ನಿಂದಾಗಿಯೇ ಗ್ರಾಹಿಗಳು ಪದೇಪದೇ ಒಳಸರಿದು ಹೊರಮೈಯಲ್ಲಿ ಕಡಿಮೆಯಾಗುತ್ತವೆ, ಹಾಗಾಗಿ ಇನ್ಸುಲಿನ್ ಹೆಚ್ಚಳವೇ ಮೊದಲು, ಪ್ರತಿರೋಧ ಆಮೇಲೆ ಎಂಬುದು ಮೂರನೆಯದು. ವ್ಯಾಯಾಮ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮಾತ್ರ ಸ್ಪಷ್ಟ ಉತ್ತರವಿದೆ: ದುಡಿಯುವ ಸ್ನಾಯು ಗ್ಲುಟ್-4 ಬಾಗಿಲುಗಳನ್ನು ಇನ್ಸುಲಿನ್ ಗ್ರಾಹಿಯ ಹಂಗಿಲ್ಲದ ಬೇರೊಂದು ದಾರಿಯಿಂದ ಹೊರಮೈಗೆ ತರಬಲ್ಲದು.

ನಮ್ಮಲ್ಲಿ ಇದರ ಪರಿಣಾಮ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಬೆಂಗಳೂರಿನ ಬಯೋಕಾನ್ ತಯಾರಿಸಿದ ಗ್ಲಾರ್ಜಿನ್‌ಗೆ, ಮೂಲ ಔಷಧದ ಬದಲಿಗೆ ನೇರವಾಗಿ ಕೊಡಬಹುದಾದ ಮೊದಲ ಜೈವಿಕ ಸಮಾನ ಇನ್ಸುಲಿನ್ ಎಂಬ ಮಾನ್ಯತೆಯನ್ನು ಎಫ್‌ಡಿಎ 2021ರಲ್ಲಿ ನೀಡಿತ್ತು. ದಿನದ ಇನ್ಸುಲಿನ್ ಅಗ್ಗವಾಗಲು ಇಂತಹ ತಯಾರಕರ ಪೈಪೋಟಿ ಅಗತ್ಯ. ವಾರದ ಇನ್ಸುಲಿನ್ ಹೊಸ ಪೇಟೆಂಟ್‌ಗಳ ಅಡಿಯಲ್ಲಿ ಬರುವುದರಿಂದ ಆ ಪೈಪೋಟಿ ಬೇಗ ಹುಟ್ಟುವುದಿಲ್ಲ.

ಬೆಲೆಗಿಂತ ಮೊದಲು ಎದುರಾಗುವುದು ಪ್ರಮಾಣದ ಪ್ರಶ್ನೆ. ವಾರದ ಇನ್ಸುಲಿನ್‌ನ ಡೋಸು ದಿನದ ಡೋಸಿನ ಏಳುಪಟ್ಟು. ದಿನಕ್ಕೆ 20 ಯೂನಿಟ್ ತೆಗೆದುಕೊಳ್ಳುತ್ತಿದ್ದವರ ಚೀಟಿಯಲ್ಲಿ ವಾರಕ್ಕೆ 140 ಎಂದಿರುತ್ತದೆ, ಬದಲಾವಣೆಯ ಮೊದಲ ವಾರಕ್ಕೆ ಶೇ 50ರಷ್ಟು ಹೆಚ್ಚುವರಿಯನ್ನೂ ಯುರೋಪಿನ ಬಳಕೆಯ ಸೂಚಿ ಹೇಳುತ್ತದೆ. ಈ ದ್ರವ ಪ್ರತಿ ಮಿಲಿಲೀಟರ್‌ಗೆ 700 ಯೂನಿಟ್ ಸಾಂದ್ರತೆಯದು. ನಮ್ಮಲ್ಲಿ ರೂಢಿಯಲ್ಲಿರುವ ಸೀಸೆಗಳದು 40 ಅಥವಾ 100. ಪೆನ್ನಿನಿಂದ ಸಿರಿಂಜಿಗೆ ಎಳೆದುಕೊಳ್ಳುವ ಅಭ್ಯಾಸ ಇಲ್ಲಿ ಪ್ರಾಣಾಪಾಯಕ್ಕೆ ದಾರಿ. ಮರೆತು ಮರುದಿನವೂ ಚುಚ್ಚಿಕೊಂಡರೆ ಎರಡು ವಾರದ ಇನ್ಸುಲಿನ್ ದೇಹದಲ್ಲಿ ಸೇರುತ್ತದೆ.

ಉಪವಾಸದ ವಿಷಯವೂ ಇದೆ. ಏಕಾದಶಿ, ಶಿವರಾತ್ರಿ, ರಂಜಾನ್ ದಿನಗಳಲ್ಲಿ ದಿನದ ಇನ್ಸುಲಿನ್ನನ್ನು ವೈದ್ಯರ ಸಲಹೆಯಂತೆ ತಗ್ಗಿಸಲು ಬರುತ್ತದೆ. ಭಾನುವಾರ ಚುಚ್ಚಿಕೊಂಡ ವಾರದ ಇನ್ಸುಲಿನ್ನನ್ನು ಬುಧವಾರದ ಉಪವಾಸಕ್ಕಾಗಿ ತಗ್ಗಿಸಲಾಗದು. ವಾಂತಿ–ಭೇದಿಯಿಂದ ಊಟ ನಿಂತಾಗಲೂ ಇದೇ ಸ್ಥಿತಿ. ವಾರದ ಇನ್ಸುಲಿನ್ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವಾಗ ವೈದ್ಯರು ಸಕ್ಕರೆಯ ಅಂಕಿಯಷ್ಟೇ ಮನೆಯ ಊಟದ ಪದ್ಧತಿಯನ್ನೂ ಕೇಳಿ ತಿಳಿಯಬೇಕಾಗುತ್ತದೆ.

ಈ ಕೊರತೆಯನ್ನು ತುಂಬಲೆಂದೇ ಹೊರಟಿರುವುದು ಸ್ಮಾರ್ಟ್ ಇನ್ಸುಲಿನ್. ನೋವೊ ನಾರ್ಡಿಸ್ಕ್‌ನ ‘ಎನ್‌ಎನ್‌ಸಿ2215’ ಅಣುವಿಗೆ ಒಂದು ಚಿಲಕ ಅಳವಡಿಸಲಾಗಿದೆ. ಸಕ್ಕರೆ ಕಡಿಮೆ ಇದ್ದಾಗ ಚಿಲಕ ಮುಚ್ಚಿ ಅಣು ಗ್ರಾಹಿಯನ್ನು ಸಡಿಲವಾಗಿ ಹಿಡಿಯುತ್ತದೆ. ಸಕ್ಕರೆ ಏರಿದಾಗ ಗ್ಲುಕೋಸ್ ಬಂದು ಚಿಲಕವನ್ನು ತೆರೆಯುತ್ತದೆ, ಹಿಡಿತ ಬಿಗಿಯಾಗುತ್ತದೆ. ರಕ್ತದ ಸಕ್ಕರೆ 54 ಮಿಲಿಗ್ರಾಂ ಮಟ್ಟದಿಂದ 360ಕ್ಕೆ ಏರಿದರೆ ಹಿಡಿತ 3.2 ಪಟ್ಟು ಹೆಚ್ಚುತ್ತದೆ ಎಂದು 2024ರ ವರದಿ ಹೇಳಿದೆ. ಇಲಿ ಮತ್ತು ಹಂದಿಗಳಲ್ಲಿ ಸಕ್ಕರೆಯ ಕುಸಿತಕ್ಕೆ ಇದು ತಕ್ಕಮಟ್ಟಿನ ತಡೆ ಒಡ್ಡಿತು. ಆದರೆ ನಿತ್ಯದ ಬದುಕಿನಲ್ಲಿ ಸಕ್ಕರೆ ಏರಿಳಿಯುವ ಅಂತರ ಇದಕ್ಕಿಂತ ಕಿರಿದು, ಆ ಕಿರಿದಾದ ಅಂತರದಲ್ಲಿ ಹಿಡಿತದ ಬದಲಾವಣೆಯೂ ಅದಕ್ಕೆ ತಕ್ಕಂತೆ ಚಿಕ್ಕದು. ಆರೋಗ್ಯವಂತ ಮೇದೋಜೀರಕ ಗ್ರಂಥಿಯಾದರೋ ಒಂದು ಊಟಕ್ಕೇ ರಕ್ತದ ಇನ್ಸುಲಿನ್ ಮಟ್ಟವನ್ನು ಹಲವು ಪಟ್ಟು ಏರಿಸಿ, ಕೆಲವೇ ಗಂಟೆಗಳಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಇಳಿಸುತ್ತದೆ.